ಬ್ಯೂಟಿ ಪಾರ್ಲರಿನ ಬಾಗಿಲಲ್ಲಿ ಕೇಳಬೇಕಾದ ಪ್ರಶ್ನೆಗಳು

ಪತಿಯ ಬಳಿಗೆಂದು ಮೊದಲ ಬಾರಿ ಕೊಲ್ಲಿ ರಾಷ್ಟ್ರಕ್ಕೆ ಹೊರಡುವ ಹೆಣ್ಣುಮಗಳನ್ನು ನಮ್ಮ ಊರುಗಳು ಬರಿಗೈಯಲ್ಲಿ ಕಳಿಸುವುದಿಲ್ಲ. ಕೊಪ್ಪ ತಾಲೂಕಿನ ಬಸರೀಕಟ್ಟೆಯಂತಹ ಪುಟ್ಟ ಪೇಟೆಯಿಂದ ಹೊರಟವಳ ಪೆಟ್ಟಿಗೆಯಲ್ಲಿ ಕಾಫಿಪುಡಿ, ಉಪ್ಪಿನಕಾಯಿ, ಒಣಮೀನು, ಕಾಳುಮೆಣಸು ಎಲ್ಲವೂ ಇರುತ್ತವೆ. ಶೃಂಗೇರಿ, ಕೆರೆಕಟ್ಟೆ, ಬಜಗೋಳಿ, ಕಾರ್ಕಳಗಳನ್ನು ದಾಟಿ ಬಜಪೆಯ ವಿಮಾನ ನಿಲ್ದಾಣ ತಲುಪುವವರೆಗೂ ಉಪದೇಶಗಳು ಮುಗಿಯುವುದಿಲ್ಲ. ನಮಾಝ್ ಬಿಡಬೇಡ, ನೆರೆಹೊರೆಯವರೊಂದಿಗೆ ಜಗಳ ಬೇಡ, ಪಾಸ್‌ಪೋರ್ಟ್ ಜೋಪಾನ, ಗ್ಯಾಸ್ ಆರಿಸಿ ಮಲಗು. ಆದರೆ ಅಲ್ಲಿ ಹೋದ ಮೂರನೇ ತಿಂಗಳಿಗೆ ಅವಳಿಗೆ ಖಂಡಿತ ಎದುರಾಗುವ ಒಂದು ಪ್ರಶ್ನೆಯ ಬಗ್ಗೆ ಯಾರೂ ಒಂದು ಮಾತನ್ನೂ ಆಡಿರುವುದಿಲ್ಲ. ತಲೆಗೂದಲು ಕತ್ತರಿಸಬೇಕಾದರೆ, ಕೈಕಾಲುಗಳ ಆರೈಕೆ ಆಗಬೇಕಾದರೆ, ಈದ್‌ಗೆ ಮದರಂಗಿ ಹಚ್ಚಿಸಿಕೊಳ್ಳಬೇಕಾದರೆ ಆ ಅಪರಿಚಿತ ನಗರದಲ್ಲಿ ಯಾರ ಬಳಿಗೆ ಹೋಗಬೇಕು?

ಇದೂ ಒಂದು ವಿಷಯವೇ ಎಂದು ಹುಬ್ಬೇರಿಸುವವರಿದ್ದಾರೆ. ಸಮುದಾಯದ ಮುಂದೆ ಶಿಕ್ಷಣ, ಉದ್ಯೋಗ, ಮೀಸಲಾತಿಗಳಂತಹ ದೊಡ್ಡ ಸಮಸ್ಯೆಗಳಿರುವಾಗ ಬ್ಯೂಟಿ ಪಾರ್ಲರಿನ ಚರ್ಚೆ ಯಾತಕ್ಕೆ ಎಂಬುದು ಅವರ ತಕರಾರು. ಆದರೆ ಗಂಡಸು ತಿಂಗಳಿಗೊಮ್ಮೆ ಕ್ಷೌರದಂಗಡಿಗೆ ಹೋಗುವುದನ್ನು ನಾವು ಶುಚಿತ್ವವೆಂದು ಕರೆಯುತ್ತೇವೆ. ಹೆಣ್ಣು ಅದನ್ನೇ ಬಯಸಿದರೆ ಶೋಕಿ ಎನ್ನುತ್ತೇವೆ. ಮಾನವನ ಶರೀರಕ್ಕೂ ಅವನ ಮೇಲೆ ಹಕ್ಕಿದೆಯೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಆ ಹಕ್ಕಿನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಹೆಣ್ಣು ತನ್ನ ಮುಖವನ್ನೂ ತಲೆಯನ್ನೂ ಅಪರಿಚಿತ ಕೈಗಳಿಗೆ, ಹೆಸರು ತಿಳಿಯದ ರಾಸಾಯನಿಕಗಳಿಗೆ ಒಪ್ಪಿಸುವ ಸಂದರ್ಭವಿದು. ಅಲ್ಲಿ ಅವಳು ಬಾಯಿ ಬಿಟ್ಟು ಪ್ರಶ್ನೆ ಕೇಳಬಲ್ಲಳೇ ಎಂಬುದು ಅವಳ ಆರೋಗ್ಯದ ಪ್ರಶ್ನೆ, ಸ್ವಾಭಿಮಾನದ ಪ್ರಶ್ನೆ.

ಪರಿಚಯವೇ ಪರವಾನಗಿಯಾಗಿದ್ದ ಊರು

ಮಲೆನಾಡಿನ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಎಂದೂ ಹುಟ್ಟಲಿಲ್ಲ. ಬಚ್ಚಲ ಹಂಡೆಯ ಬಿಸಿನೀರು, ಸೀಗೆಕಾಯಿ, ಅಂಟುವಾಳ, ಮತ್ತಿಸೊಪ್ಪು, ಹಿತ್ತಿಲ ದಾಸವಾಳದ ಎಲೆ. ಮದುವೆಯ ಮೈಲಾಂಜಿಗೆ ಅರೆದ ಮದರಂಗಿ. ಹಚ್ಚುವವಳು ಚಿಕ್ಕಮ್ಮ, ಇಲ್ಲವೇ ನೆರೆಮನೆಯ ಅಕ್ಕ. ಆಮೇಲೆ ಕೊಪ್ಪ, ಶೃಂಗೇರಿ, ಬಾಳೆಹೊನ್ನೂರುಗಳಂತಹ ಪೇಟೆಗಳಿಗೂ ಪಾರ್ಲರುಗಳು ಬಂದವು. ಆದರೂ ಅದನ್ನು ನಡೆಸುವವಳು ಯಾರ ಮಗಳು, ಎಲ್ಲಿ ಕಲಿತು ಬಂದವಳು ಎಂಬುದು ಊರಿಗೆಲ್ಲ ತಿಳಿದಿರುತ್ತದೆ. ಎಡವಟ್ಟಾದರೆ ಸಂಜೆಯೊಳಗೆ ಸುದ್ದಿ ಹಬ್ಬುತ್ತದೆ. ಆ ಭಯವೇ ಅವಳನ್ನು ಎಚ್ಚರದಲ್ಲಿಟ್ಟಿರುತ್ತದೆ.

ದುಬೈಯ ಕರಾಮ, ದೇರಾ, ಖಿಸೈಸ್‌ಗಳಲ್ಲಾಗಲಿ, ಶಾರ್ಜಾದ ರೋಲಾದಲ್ಲಾಗಲಿ ಈ ಪರಿಚಯದ ಕಾವಲು ಇಲ್ಲ. ಹತ್ತು ಹೆಜ್ಜೆಗೊಂದು ಫಲಕ, ಮಬ್ಬು ಗಾಜಿನ ಬಾಗಿಲು, ಒಳಗೊಂದು ಪರದೆ. ಕೆಲಸ ಮಾಡುವಾಕೆ ಫಿಲಿಪ್ಪೀನ್ಸಿನವಳೋ ನೇಪಾಳದವಳೋ ಮೊರಾಕ್ಕೋದವಳೋ ಆಗಿರುತ್ತಾಳೆ. ಅವಳಿಗೆ ನಮ್ಮ ಭಾಷೆ ಬಾರದು, ನಮ್ಮವಳಿಗೆ ಅವಳ ಭಾಷೆ ಬಾರದು. ಊರಿನಲ್ಲಿ ಪರಿಚಯ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪ್ರಶ್ನೆ ಮಾಡಬೇಕಾಗುತ್ತದೆ. ದುರದೃಷ್ಟವಶಾತ್, ನಾವು ಹೆಣ್ಣುಮಕ್ಕಳಿಗೆ ಸುಂದರವಾಗಿ ಕಾಣಬೇಕೆಂದು ಕಲಿಸಿದ್ದೇವೆಯೇ ಹೊರತು ಪ್ರಶ್ನೆ ಕೇಳಬೇಕೆಂದು ಕಲಿಸಿಲ್ಲ.

ಕಾನೂನು ಕೊಟ್ಟಿರುವ ಅನುಕೂಲ

ಕೊಲ್ಲಿ ರಾಷ್ಟ್ರಗಳಲ್ಲಿ ಒಂದು ದೊಡ್ಡ ಅನುಕೂಲವಿದೆ. ಅಲ್ಲಿ ಮಹಿಳಾ ಸಲೂನುಗಳು ಪ್ರತ್ಯೇಕ. ಪುರುಷರಿಗೆ ಪ್ರವೇಶವಿಲ್ಲವೆಂಬ ಫಲಕ ಬಾಗಿಲಲ್ಲೇ ಇರುತ್ತದೆ. ಸೌದಿ ಅರೇಬಿಯದಲ್ಲಿ ಹಳಬರು ಇವನ್ನು 'ಮಶ್ಗಲ್' ಎನ್ನುತ್ತಾರೆ. ಕೆಲಸದ ಮನೆ ಎಂದು ಅದರ ಅರ್ಥ. 2018ರ ಜೂನ್ ತಿಂಗಳವರೆಗೆ ಸೌದಿಯಲ್ಲಿ ಮಹಿಳೆಯರು ವಾಹನ ಚಲಾಯಿಸುವಂತಿರಲಿಲ್ಲ. ಆದ್ದರಿಂದ ಪತಿಗೆ ಬಿಡುವಿದ್ದ ದಿನ, ಅವನ ಕಣ್ಣಿಗೆ ಬಿದ್ದ ಸಲೂನೇ ಅವಳ ಪಾಲಿಗೆ ಬರುತ್ತಿತ್ತು. ಈಗ ಆ ಕಾಲ ಕಳೆದಿದೆ. ಆಯ್ಕೆ ಅವಳದ್ದೇ ಆಗಬಹುದು, ಆಗಬೇಕು.

ದುಬೈಯಲ್ಲಿ ಸಲೂನುಗಳ ಆರೋಗ್ಯ ಮತ್ತು ಸುರಕ್ಷತೆಯ ನಿಯಮಗಳನ್ನು ಜಾರಿಗೊಳಿಸುವುದು ಅಲ್ಲಿನ ಮುನಿಸಿಪಾಲಿಟಿ. ಚುಚ್ಚುಮದ್ದು, ಬೊಟಾಕ್ಸ್‌ನಂತಹ ವೈದ್ಯಕೀಯ ಚಿಕಿತ್ಸೆಗಳನ್ನು ಸಲೂನುಗಳು ನೀಡುವಂತಿಲ್ಲ. ಅವು ಆರೋಗ್ಯ ಇಲಾಖೆಯ ಪರವಾನಗಿ ಪಡೆದ ಕ್ಲಿನಿಕ್ಕುಗಳಲ್ಲಿ ಮಾತ್ರ ನಡೆಯಬೇಕು. ಹುಬ್ಬು ತೀಡುವ ಕುರ್ಚಿಯಲ್ಲೇ ಮುಖಕ್ಕೆ ಸೂಜಿ ಚುಚ್ಚುತ್ತೇವೆ ಎಂದರೆ ಅಲ್ಲಿಂದ ಎದ್ದು ಬರಬೇಕು. ಯುಎಇಯಲ್ಲಿ 2018ರಿಂದ ಶೇ. 5ರ ಮೌಲ್ಯವರ್ಧಿತ ತೆರಿಗೆಯಿದೆ, ಸೌದಿಯಲ್ಲಿ 2020ರ ಜುಲೈಯಿಂದ ಅದು ಶೇ. 15. ಯುಎಇಯಲ್ಲಿ ಪ್ರದರ್ಶಿಸಿದ ದರದೊಳಗೇ ತೆರಿಗೆ ಸೇರಿರಬೇಕು. ಕೊನೆಗೆ ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ಕೂಡಿಸಿದರೆ ಪ್ರಶ್ನಿಸಲು ಅವಳಿಗೆ ಹಕ್ಕಿದೆ.

ಅನ್ಯರ ಫೋಟೋವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು ಯುಎಇಯ 2021ರ ಸೈಬರ್ ಅಪರಾಧ ಕಾನೂನಿನಂತೆ ಶಿಕ್ಷಾರ್ಹ. ಕೇಶಾಲಂಕಾರದ ಚಿತ್ರಗಳನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತಿಗೆ ಬಳಸುವ ಅಭ್ಯಾಸ ಎಲ್ಲೆಡೆ ಹಬ್ಬಿರುವಾಗ, ಹಿಜಾಬ್ ಕಳಚಿ ಕುಳಿತವಳು ಮೊದಲೇ ಹೇಳಬೇಕಾದ ಮಾತೊಂದಿದೆ: ನನ್ನ ಚಿತ್ರ ತೆಗೆಯಬೇಡಿ.

ಬ್ರಿಟನ್, ಕೆನಡಾ, ಅಮೆರಿಕಗಳಿಗೆ ಹೋದವರ ಪರಿಸ್ಥಿತಿ ಬೇರೆ. ಅಲ್ಲಿ ಬಹುತೇಕ ಸಲೂನುಗಳು ಸ್ತ್ರೀ ಪುರುಷರಿಬ್ಬರಿಗೂ ತೆರೆದಿರುತ್ತವೆ. ಬೀದಿಯ ಗಾಜಿನ ಬಳಿಯೇ ಕುರ್ಚಿ ಇರುತ್ತದೆ. ಪ್ರತ್ಯೇಕ ಕೋಣೆ ಇದೆಯೇ, ಮಹಿಳಾ ಸಿಬ್ಬಂದಿಯೇ ಮಾಡುತ್ತಾರೆಯೇ ಎಂದು ಫೋನಿನಲ್ಲಿ ವಿಚಾರಿಸಿ ಸಮಯ ಗೊತ್ತುಮಾಡಿಕೊಂಡರೆ ಮುಜುಗರ ತಪ್ಪುತ್ತದೆ. ಅಮೆರಿಕದಲ್ಲಿ ಪ್ರತಿ ರಾಜ್ಯವೂ ಈ ವೃತ್ತಿಗೆ ಪರವಾನಗಿ ನೀಡುತ್ತದೆ. ಅದನ್ನು ತೋರಿಸಿ ಎಂದು ಕೇಳುವುದನ್ನು ಅಲ್ಲಿ ಯಾರೂ ಅವಮಾನವೆಂದು ಭಾವಿಸುವುದಿಲ್ಲ.

ಕುರ್ಚಿಯಲ್ಲಿ ಕೂರುವ ಮುನ್ನ

ಹೊಸದಾಗಿ ಹೋದವಳು ಮೊದಲ ಭೇಟಿಗೆ ದೊಡ್ಡ ಕೆಲಸವನ್ನು ಇಟ್ಟುಕೊಳ್ಳಬಾರದು. ಕೂದಲ ತುದಿ ಕತ್ತರಿಸುವಂತಹ ಸಣ್ಣ ಕೆಲಸಕ್ಕೆ ಹೋಗಿ ಕುಳಿತು ನೋಡಬೇಕು. ಉಗುರಿನ ಸಲಕರಣೆಗಳನ್ನು ಒಬ್ಬರಿಂದ ಇನ್ನೊಬ್ಬರಿಗೆ ಹಾಗೆಯೇ ದಾಟಿಸುತ್ತಾರೆಯೇ, ಅಥವಾ ಶುದ್ಧೀಕರಿಸಿದ ಪೊಟ್ಟಣದಿಂದ ತೆಗೆಯುತ್ತಾರೆಯೇ? ಬ್ಲೇಡು ಹೊಸದೇ? ಮೇಣದ ಪಾತ್ರೆಗೆ ಅದ್ದಿದ ಕಡ್ಡಿಯನ್ನು ಮೈಗೆ ಹಚ್ಚಿ ಮತ್ತೆ ಅದೇ ಪಾತ್ರೆಗೆ ಅದ್ದುತ್ತಾರೆಯೇ? ನೂಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹುಬ್ಬು ತೀಡುತ್ತಾರೆಯೇ? ಟವೆಲು ಒಗೆದದ್ದೇ? ಶುದ್ಧೀಕರಿಸದ ಸಲಕರಣೆಗಳಿಂದ ಹೆಪಟೈಟಿಸ್ ಬಿ ಮತ್ತು ಸಿ ಹರಡಬಲ್ಲವು. ನೆಲದ ಅಮೃತಶಿಲೆ ಹೊಳೆಯುತ್ತಿದೆ ಎಂಬುದು ಕತ್ತರಿ ಶುಚಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ನಾಲ್ಕಾರು ಪದಗಳನ್ನು ತಿಳಿದಿರುವುದೂ ಒಳ್ಳೆಯದು. ಅರಬ್ ಸಲೂನಿನಲ್ಲಿ 'ಖೈತ್' ಎಂದರೆ ನೂಲಿನಿಂದ ರೋಮ ತೆಗೆಯುವುದು. 'ಹಲಾವಾ' ಎಂದರೆ ಸಕ್ಕರೆ ಪಾಕದಿಂದ ತೆಗೆಯುವುದು. 'ಹಮ್ಮಾಮ್ ಮಗ್ರಿಬಿ' ಎಂದರೆ ಹಬೆಯಲ್ಲಿ ಕೂರಿಸಿ, ಆಲಿವ್ ಎಣ್ಣೆಯ ಕಪ್ಪು ಸಾಬೂನು ಹಚ್ಚಿ, ಒರಟು ಕೈಚೀಲದಿಂದ ಮೈ ಉಜ್ಜುವ ಮೊರಾಕ್ಕೋ ಸ್ನಾನ. ಗರ್ಭಿಣಿಯರು, ರಕ್ತದೊತ್ತಡ ಇರುವವರು ಬಿಸಿ ಹಬೆಯ ಕೋಣೆಗೆ ಹೋಗುವ ಮುನ್ನ ವೈದ್ಯರನ್ನು ಕೇಳಬೇಕು. ಅಂಗವಸ್ತ್ರದ ಮರ್ಯಾದೆ ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬುದನ್ನೂ ಮೊದಲೇ ವಿಚಾರಿಸಬೇಕು. ಸ್ತ್ರೀಯರ ನಡುವೆಯೂ ಔರತ್‌ನ ಮಿತಿಯಿದೆ ಎಂಬುದನ್ನು ನಮ್ಮ ಮದ್ರಸಗಳಲ್ಲಿ ಕಲಿಸಲಾಗುತ್ತದೆ. ಹುಬ್ಬು ಕೀಳಿಸುವುದು, ಕೃತಕ ಕೂದಲು ಜೋಡಿಸುವುದು ಇತ್ಯಾದಿಗಳ ಕುರಿತು ಅವಳಿಗೊಂದು ಧಾರ್ಮಿಕ ನಿಲುವಿರಬಹುದು. ಕೇಳದೆಯೇ ಕೈ ಹಚ್ಚುವ ಸಲೂನು ಎಷ್ಟೇ ದುಬಾರಿಯಾದರೂ ಒಳ್ಳೆಯದಲ್ಲ. 'ಬೇಡ' ಎಂದಾಗ ನಿಲ್ಲುವ ಕೈಯೇ ಒಳ್ಳೆಯ ಕೈ.

'ಪ್ಯಾಕೇಜ್' ಎಂಬ ಬಲೆಯ ಬಗ್ಗೆಯೂ ಎಚ್ಚರ ಬೇಕು. 2019ರ ತಿದ್ದುಪಡಿಯಂತೆ ಯುಎಇಯಲ್ಲಿ 4,000 ದಿರ್ಹಂ ವೇತನ, ಅಥವಾ 3,000 ದಿರ್ಹಂ ಮತ್ತು ವಸತಿ ಇರುವವನು ಕುಟುಂಬವನ್ನು ಕರೆಸಿಕೊಳ್ಳಬಹುದು. ಅಂತಹ ಮನೆಯ ಗೃಹಿಣಿ ಹತ್ತು ಭೇಟಿಗಳ ಹಣವನ್ನು ಮುಂಗಡವಾಗಿ ಕೊಟ್ಟು, ಎರಡನೆಯ ಭೇಟಿಗೆ ಅಂಗಡಿ ಮುಚ್ಚಿರುವುದನ್ನು ಕಂಡರೆ ಆ ತಿಂಗಳ ಊರಿನ ಹಣಕ್ಕೇ ಕತ್ತರಿ ಬೀಳುತ್ತದೆ.

ಕಪ್ಪು ಮದರಂಗಿಯ ಕಥೆ

ಈದ್‌ನ ಹಿಂದಿನ ರಾತ್ರಿ ಸಲೂನುಗಳು ತುಂಬಿ ತುಳುಕುತ್ತವೆ. ಅವಸರಕ್ಕೆ ಬೇಗ ಕಪ್ಪಾಗುವ ಮದರಂಗಿ ಬೇಕು. ನಿಜವಾದ ಮದರಂಗಿ ಎಂದೂ ಅರ್ಧ ಗಂಟೆಯಲ್ಲಿ ಕಪ್ಪಾಗುವುದಿಲ್ಲ. ಅದು ಕೆಲವು ಗಂಟೆ ಕೈಯ ಮೇಲಿರಬೇಕು, ಮೊದಲು ಕಿತ್ತಳೆ ಬಣ್ಣಕ್ಕೆ ತಿರುಗಿ ಮರುದಿನ ಕಂದಾಗಬೇಕು. ಕೈ ತೊಳೆದ ಕೂಡಲೇ ಕಡುಗಪ್ಪು ಕಂಡರೆ ಅದರಲ್ಲಿ ಪಿಪಿಡಿ, ಅಂದರೆ ಪ್ಯಾರಾಫೀನೈಲಿನ್‌ಡೈಅಮೀನ್ ಬೆರೆತಿರುವ ಸಾಧ್ಯತೆ ಹೆಚ್ಚು. ಇದು ಕೂದಲ ಬಣ್ಣದಲ್ಲಿ ಮಿತ ಪ್ರಮಾಣದಲ್ಲಿ ಬಳಸುವ ರಾಸಾಯನಿಕ, ಚರ್ಮಕ್ಕೆ ನೇರವಾಗಿ ಹಚ್ಚುವಂಥದ್ದಲ್ಲ. ಹಚ್ಚಿದ ಕೆಲವು ದಿನಗಳ ಬಳಿಕ ಚಿತ್ತಾರದ ಗೆರೆಗಳುದ್ದಕ್ಕೂ ಬೊಬ್ಬೆಗಳೆದ್ದು, ಕಲೆ ಉಳಿಯಬಹುದು. ಅಷ್ಟಕ್ಕೇ ಮುಗಿಯುವುದಿಲ್ಲ. ಒಮ್ಮೆ ಅಲರ್ಜಿ ಅಂಟಿಕೊಂಡರೆ ಅದು ಜೀವನಪರ್ಯಂತ. ಮುಂದೆ ಎಂದಾದರೂ ತಲೆಗೆ ಬಣ್ಣ ಹಚ್ಚಿದಾಗ ಮುಖವೇ ಊದಿಕೊಳ್ಳಬಹುದು. ಮಕ್ಕಳ ಕೈಗೆ ಇದನ್ನು ಹಚ್ಚಿಸುವ ತಾಯಂದಿರು ದಯವಿಟ್ಟು ಒಮ್ಮೆ ಯೋಚಿಸಬೇಕು.

ಕೂದಲನ್ನು ನೇರಗೊಳಿಸುವ ಕೆರಟಿನ್ ಚಿಕಿತ್ಸೆಯೂ ಇದೇ ಸಾಲಿನದ್ದು. ಇಂತಹ ಕೆಲವು ದ್ರಾವಣಗಳು ಬಿಸಿ ಇಸ್ತ್ರಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಕಣ್ಣು ಉರಿದು ಗಂಟಲು ಕೆರೆಯುತ್ತಿದ್ದರೆ ಸೌಂದರ್ಯಕ್ಕಾಗಿ ಸಹಿಸಬೇಕೆಂದಿಲ್ಲ, ಬಾಟಲಿ ತೋರಿಸಿ ಎಂದು ಕೇಳಬೇಕು. ಹೊಸ ಬಣ್ಣ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಮಡಿಕೆಯಲ್ಲಿ ಚೂರು ಹಚ್ಚಿ ಪರೀಕ್ಷಿಸಲು ಒಪ್ಪದ ಸಲೂನಿಗೆ ತಲೆ ಒಪ್ಪಿಸಬಾರದು.

ಬಿಳುಪು ಯಾರ ಬೇಡಿಕೆ?

ಇಷ್ಟಾದರೂ ತಪ್ಪನ್ನೆಲ್ಲ ಸಲೂನಿನ ಮೇಲೆ ಹೊರಿಸುವಂತಿಲ್ಲ. ಅಲ್ಲಿ ಮಾರಾಟವಾಗುವುದು ನಾವು ಕೇಳಿದ ಸರಕು. ವಿಡಿಯೋ ಕಾಲ್‌ನಲ್ಲಿ ಅತ್ತೆಯ ಮೊದಲ ಮಾತು, "ಎಂತ ಮಗಳೇ, ಎಸಿಯೊಳಗೇ ಇದ್ದೂ ಕಪ್ಪಾಗಿದ್ದೀಯಲ್ಲ?" ರಜೆಗೆ ಬಂದಾಗ ನೆಂಟರ ಮಾತು, "ಗಲ್ಫಿಗೆ ಹೋದರೂ ಬಣ್ಣ ಬರಲಿಲ್ಲ." ಇಂತಹ ಮಾತುಗಳ ಭಾರ ಹೊತ್ತು ಸಲೂನಿಗೆ ಹೋದವಳು 'ವೈಟ್ನಿಂಗ್' ಎಂಬ ಪದ ಕಂಡ ಕೂಡಲೇ ಕೈ ಚಾಚುತ್ತಾಳೆ. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಆ್ಯಂಡ್ ಲವ್ಲಿ' 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಪದವನ್ನು ಕೈಬಿಟ್ಟಿತು. ನಮ್ಮ ಹೆಣ್ಣು ನೋಡುವ ಶಾಸ್ತ್ರ ಮಾತ್ರ ಆ ಪದವನ್ನು ಇನ್ನೂ ಬಿಟ್ಟಿಲ್ಲ.

ಇದರ ಬೆಲೆ ಏನೆಂದು ತಿಳಿಯಲು ದೂರ ಹೋಗಬೇಕಿಲ್ಲ. ಕೊಲ್ಲಿಯ ನಂಟು ಗಾಢವಾಗಿರುವ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡ ಕಾಯಿಲೆಯ 22 ರೋಗಿಗಳನ್ನು ಪರಿಶೀಲಿಸಿದರು. ಅವರಲ್ಲಿ 15 ಮಂದಿಗೆ ಆ ಕಾಯಿಲೆಯ ಅಪರೂಪದ ಬಗೆಯೊಂದು ತಗಲಿತ್ತು. ಆ 15ರಲ್ಲಿ 13 ಮಂದಿ ಚರ್ಮ ಬಿಳುಪಾಗಿಸುವ ಕ್ರೀಮುಗಳನ್ನು ಬಳಸುತ್ತಿದ್ದರು. ಇಂತಹ ಕ್ರೀಮುಗಳಲ್ಲಿರುವ ಪಾದರಸ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್‌ನ ಉತ್ಪಾದನೆಯನ್ನು ತಡೆಯುತ್ತದೆ. ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡವನ್ನು ಸೇರುತ್ತದೆ. ತಾಯಿಯ ಮುಖಕ್ಕೆ ಹಚ್ಚಿದ್ದು ಅವಳ ಮಡಿಲ ಮಗುವಿಗೂ ತಾಗುತ್ತದೆ.

ಹೆಸರಿಲ್ಲದ ಡಬ್ಬಿಯಿಂದ ತೆಗೆದು ಹಚ್ಚುವ ಕ್ರೀಮು ಬೇಡವೇ ಬೇಡ. ಡಬ್ಬಿಯ ಮೇಲೆ ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಎಂದಿದ್ದರೆ ಅದು ಪಾದರಸ. ಚಿನ್ನ, ಬೆಳ್ಳಿ, ಅಲ್ಯುಮಿನಿಯಂ ತಾಗದಂತೆ ನೋಡಿಕೊಳ್ಳಿ ಎಂಬ ಸೂಚನೆಯಿದ್ದರೂ ಅದೇ ಅನುಮಾನ ಪಡಬೇಕು. ಬಳೆಗೆ ತಾಗಬಾರದ್ದು ಕೆನ್ನೆಗೆ ಹೇಗೆ ತಾಗಬಹುದು? ಇನ್ನು ಕೆಲವು ಕ್ರೀಮುಗಳಲ್ಲಿ ಪ್ರಬಲ ಸ್ಟೀರಾಯ್ಡ್ ಇರುತ್ತದೆ. ಆರಂಭದಲ್ಲಿ ಮುಖ ತಿಳಿಯಾದಂತೆ ಕಾಣುತ್ತದೆ. ಬಳಿಕ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಮತ್ತು ರೋಮ ಹುಟ್ಟುತ್ತವೆ. ಬಿಟ್ಟರೆ ಉಲ್ಬಣಿಸುತ್ತದೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಭಾರತ ಸರಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು.

ಕೊಲ್ಲಿಗೆ ಹೋದವರ ಇನ್ನೊಂದು ಸಾಮಾನ್ಯ ಅಳಲು, ಅಲ್ಲಿನ ನೀರಿಗೆ ಕೂದಲು ಉದುರುತ್ತದೆ ಎಂಬುದು. ಉಪ್ಪು ತೆಗೆದ ಸಮುದ್ರದ ನೀರನ್ನೇ ದೂರಿ, ಸಲೂನು ಹೇಳಿದ ದುಬಾರಿ ಚಿಕಿತ್ಸೆಗೆ ಹಣ ಸುರಿಯುತ್ತಾರೆ. ಆದರೆ ರಕ್ತದಲ್ಲಿ ಕಬ್ಬಿಣದ ಕೊರತೆ, ವಿಟಮಿನ್ ಡಿ ಕೊರತೆ, ಥೈರಾಯ್ಡ್ ದೋಷ, ಹೆರಿಗೆಯ ನಂತರದ ಬದಲಾವಣೆ ಇವುಗಳನ್ನು ವೈದ್ಯರು ಮೊದಲು ನೋಡುತ್ತಾರೆ. ನಾಲ್ಕು ಗೋಡೆಗಳ ನಡುವೆ ಬಿಸಿಲು ಕಾಣದೆ, ಒಬ್ಬಳೇ ಕುಳಿತು ಸರಿಯಾಗಿ ಊಟ ಮಾಡದವಳಿಗೆ ಬೇಕಾದದ್ದು ಒಂದು ರಕ್ತ ಪರೀಕ್ಷೆ.

ಆ ಕತ್ತರಿ ಹಿಡಿದವಳೂ ಪರದೇಶಿ

ಕುರ್ಚಿಯ ಹಿಂದೆ ನಿಂತವಳನ್ನೂ ನಾವು ಮರೆಯಬಾರದು. ಅವಳೂ ಮನೆಮಕ್ಕಳನ್ನು ಬಿಟ್ಟು ಬಂದ ಹೆಣ್ಣು. ದಿನವಿಡೀ ಆ ರಾಸಾಯನಿಕಗಳ ಆವಿಯನ್ನು ಸೇವಿಸುವವಳು. ಕೈಗವಸಿಲ್ಲದೆ, ಕಿಟಕಿಯಿಲ್ಲದ ಕೋಣೆಯಲ್ಲಿ ಅವಳನ್ನು ದುಡಿಸುವ ಸಲೂನು ಗ್ರಾಹಕಳ ಆರೋಗ್ಯವನ್ನೂ ಕಾಯುವುದಿಲ್ಲ. ಫ್ಲ್ಯಾಟಿಗೇ ಬಂದು ಕಡಿಮೆ ದರಕ್ಕೆ ಮಾಡಿಕೊಡುವವರಲ್ಲಿ ಹಲವರಿಗೆ ಪರವಾನಗಿ ಇರುವುದಿಲ್ಲ. ಭೇಟಿ ವೀಸಾದಲ್ಲಿ ದುಡಿದು ಸಿಕ್ಕಿಬಿದ್ದರೆ ದಂಡ ಮತ್ತು ಗಡೀಪಾರಿನ ಆಪತ್ತು ಅವಳಿಗೇ. ನಮ್ಮ ಅಗ್ಗದ ಆಸೆ ಅವಳ ಅನ್ನಕ್ಕೆ ಕಲ್ಲಾಗಬಾರದು.

2023ರ ಜುಲೈಯಲ್ಲಿ ಅಫ್ಘಾನಿಸ್ತಾನದ ತಾಲಿಬಾನ್ ಆಡಳಿತ ದೇಶದ ಮಹಿಳಾ ಸಲೂನುಗಳನ್ನೆಲ್ಲ ಮುಚ್ಚಿಸಿತು. ಸುಮಾರು 60 ಸಾವಿರ ಮಹಿಳೆಯರು ಕೆಲಸ ಕಳೆದುಕೊಳ್ಳುವರೆಂದು ಅಲ್ಲಿನ ಮಹಿಳಾ ವಾಣಿಜ್ಯ ಮಂಡಳಿ ಅಂದಾಜಿಸಿತ್ತು. ಗಂಡಸರ ಪ್ರವೇಶವಿಲ್ಲದ, ಹೆಣ್ಣು ಹೆಣ್ಣಿಗೆ ದುಡಿಯುವ ಒಂದು ಜಾಗವನ್ನು ಧರ್ಮದ ಹೆಸರಿನಲ್ಲಿ ಮುಚ್ಚಿ ಯಾವ ಧರ್ಮವನ್ನು ಉಳಿಸಿದಂತಾಯಿತು? ಅಲಂಕಾರದಲ್ಲಿ ಅತಿರೇಕವಿದ್ದರೆ ಅದನ್ನು ಬೋಧನೆಯಿಂದ ತಿದ್ದಬೇಕು, ಬೀಗದಿಂದಲ್ಲ.

ಹಾಗೆಂದು ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವಂತಿಲ್ಲ. ಕರಾವಳಿ ಮತ್ತು ಮಲೆನಾಡಿನ ನಮ್ಮ ಸಮುದಾಯಗಳಲ್ಲಿ ಕ್ಷೌರ ವೃತ್ತಿಯ ಕುಟುಂಬಗಳನ್ನು ಮದುವೆ ಸಂಬಂಧಗಳಲ್ಲಿ ದೂರವಿಟ್ಟ ಪದ್ಧತಿ ಇತ್ತು. ಅದರ ನೆರಳು ಇನ್ನೂ ಪೂರ್ತಿ ಸರಿದಿಲ್ಲ. ಸಮಾನತೆಯ ಧರ್ಮದ ಅನುಯಾಯಿಗಳೆನಿಸಿಕೊಂಡು ಕತ್ತರಿ ಹಿಡಿದ ಕೈಯನ್ನು ಕೀಳೆಂದು ಕಂಡೆವು. ಅದೇ ಕೆಲಸಕ್ಕೆ ಪರದೇಶದಲ್ಲಿ ದಿರ್ಹಂ ಎಣಿಸಿ ಸರತಿಯಲ್ಲಿ ನಿಂತೆವು. ಈ ವಿದ್ಯೆಯನ್ನು ಗೌರವದಿಂದ ಕಲಿತ, ಚರ್ಮ ಮತ್ತು ರಾಸಾಯನಿಕಗಳ ಜ್ಞಾನವಿರುವ ಹೆಣ್ಣುಮಕ್ಕಳು ನಮ್ಮ ಪೇಟೆಗಳಲ್ಲೇ ಇದ್ದಿದ್ದರೆ, ಪರದೇಶಕ್ಕೆ ಹೊರಟವಳಿಗೆ ತಿಳಿಹೇಳಲು ಒಬ್ಬಳಾದರೂ ಸಿಗುತ್ತಿದ್ದಳು.

ಏನು ಮಾಡಬಹುದು?

ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ಕೊಲ್ಲಿಯಲ್ಲಿರುವ ನಮ್ಮ ಅನಿವಾಸಿ ಸಂಘಟನೆಗಳು ರಕ್ತದಾನ ಶಿಬಿರಗಳನ್ನು ಶ್ಲಾಘನೀಯವಾಗಿ ನಡೆಸುತ್ತಿವೆ. ವರ್ಷಕ್ಕೊಮ್ಮೆ ಹೊಸದಾಗಿ ಬಂದ ಸಹೋದರಿಯರಿಗಾಗಿ ಒಬ್ಬ ಚರ್ಮವೈದ್ಯೆಯನ್ನು ಕರೆಸಿ ಒಂದು ಮಧ್ಯಾಹ್ನ ಮಾತನಾಡಿಸಲು ಅವುಗಳಿಗೆ ಸಾಧ್ಯವಿಲ್ಲವೇ? ಮೊದಲೇ ಹೋಗಿ ನೆಲೆಸಿದವರು, ಹೊಸಬಳನ್ನು ತಾವು ಹೋಗುವ ಸಲೂನಿಗೆ ಒಮ್ಮೆ ಜೊತೆಗೆ ಕರೆದುಕೊಂಡು ಹೋದರೆ ಸಾಕು, ಅರ್ಧ ಭಯ ಕಳೆಯುತ್ತದೆ. ಪತಿಯಂದಿರು ಈ ಖರ್ಚಿಗೆ ಲೆಕ್ಕ ಕೇಳದಷ್ಟು ಸ್ವಲ್ಪ ಹಣವನ್ನು ಅವಳ ಕೈಯಲ್ಲಿಡಬೇಕು. ಕೈಯಲ್ಲಿ ಸ್ವಂತ ಹಣವಿಲ್ಲದವಳು ಬೆಲೆಯನ್ನೂ ಪ್ರಶ್ನಿಸಲಾರಳು, ಬಾಟಲಿಯನ್ನೂ ಪ್ರಶ್ನಿಸಲಾರಳು.

ಎಲ್ಲಕ್ಕಿಂತ ಮುಖ್ಯವಾಗಿ, ಊರಿನಲ್ಲಿರುವ ನಾವು ಫೋನೆತ್ತಿದ ಕೂಡಲೇ ಅವಳ ಬಣ್ಣ ವಿಚಾರಿಸುವುದನ್ನು ನಿಲ್ಲಿಸಬೇಕು. ಊಟ ಆಯಿತೇ, ನಿದ್ದೆ ಬರುತ್ತದೆಯೇ, ಮಾತಾಡಲು ಯಾರಾದರೂ ಇದ್ದಾರೆಯೇ ಎಂದು ಕೇಳಬೇಕು. ಮುಖದ ಬಣ್ಣದಿಂದ ತನ್ನ ಬೆಲೆ ಕಟ್ಟುವುದಿಲ್ಲವೆಂಬ ಭರವಸೆ ಮನೆಯಿಂದಲೇ ಸಿಕ್ಕಿದವಳು ಯಾವ ದೇಶದ ಯಾವ ಸಲೂನಿನ ಕುರ್ಚಿಯಲ್ಲೂ ಧೈರ್ಯವಾಗಿ ಕುಳಿತು, "ಇದರಲ್ಲಿ ಏನಿದೆ?" ಎಂದು ಕೇಳಬಲ್ಲಳು. ಮುಂದಿನ ಬಾರಿ ಹೆಣ್ಣುಮಗಳ ಪೆಟ್ಟಿಗೆ ಕಟ್ಟುವಾಗ, ಉಪ್ಪಿನಕಾಯಿಯ ಭರಣಿಯ ಜೊತೆಗೆ ಈ ಧೈರ್ಯವನ್ನೂ ಕೊಟ್ಟು ಕಳಿಸಲು ನಮ್ಮ ಮನೆಗಳು ಸಿದ್ಧವಿವೆಯೇ?